ನಾಲ್ಕನೇ ಶೆಡ್ಡಿನ ಜೇಡ್ ಮರ

ಜೇಡ್ ಗಿಡಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು? ಈ ಕೆಲಸಕ್ಕೆ ಹೊಸದಾಗಿ ಬಂದವರೆಲ್ಲ ನನ್ನನ್ನು ಮೊದಲು ಕೇಳುತ್ತಿದ್ದುದು ಇದನ್ನೇ. ದಿನ ಎಣಿಸಿ ನೀರು ಹಾಕುವ ಆಸೆಯಿದ್ದರೆ ಟೊಮೆಟೊ ಸಸಿ ಬೆಳೆಸಿ, ಅದೂ ಒಳ್ಳೆಯ ಕೆಲಸವೇ ಎಂದು ಹೇಳಿ ಪಕ್ಕದ ಶೆಡ್ಡಿಗೆ ಕಳಿಸುತ್ತಿದ್ದೆ. ಈಗ ನಿವೃತ್ತಳಾಗಿದ್ದೇನೆ, ಯಾರನ್ನೂ ಎಲ್ಲಿಗೂ ಕಳಿಸುವ ಅಧಿಕಾರ ಉಳಿದಿಲ್ಲ. ನರ್ಸರಿಗೆ ಹೊಸದಾಗಿ ಸೇರಿರುವ ಹುಡುಗಿಯರು ಬಂದು, ‘ಅಮ್ಮಾ, ನೀವು ಕೆಲಸ ಮಾಡಿದ್ದನ್ನ ಬರೆದುಕೊಡಿ’ ಎಂದರು. ಬರೆಯುತ್ತಿದ್ದೇನೆ. ಗೊಬ್ಬರದ ಪ್ರಮಾಣ, ಔಷಧಿಯ ಹೆಸರು ಇದರಲ್ಲಿ ಸಿಗುವುದಿಲ್ಲ. ಅವು ಡಬ್ಬಿಯ ಮೇಲೇ ಇರುತ್ತವೆ.

ನಾನು ಕೆಲಸ ಮಾಡಿದ್ದು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ ಕಡೆಯ ಒಂದು ನರ್ಸರಿಯಲ್ಲಿ. ಯಜಮಾನರು ಆಂಜಿನಪ್ಪನವರು. ತಲೆತಲಾಂತರದ ರಾಗಿ ಹೊಲವನ್ನು ಗುಲಾಬಿ ತೋಟ ಮಾಡಿ, ಗುಲಾಬಿ ತೋಟವನ್ನು ನರ್ಸರಿ ಮಾಡಿದ ಗಟ್ಟಿ ಮನುಷ್ಯ. ನಾವೆಲ್ಲ ಅವರನ್ನು ಗೌಡ್ರು ಎನ್ನುತ್ತಿದ್ದೆವು. ಮೊದಲ ಶೆಡ್ಡಿನಲ್ಲಿ ಗುಲಾಬಿ, ಎರಡನೆಯದರಲ್ಲಿ ತರಕಾರಿ ಸಸಿ, ಮೂರನೆಯದರಲ್ಲಿ ಮನೆಯೊಳಗೆ ಇಡುವ ಗಿಡಗಳು. ಕೊನೆಯ ನಾಲ್ಕನೇ ಶೆಡ್ಡು ನನ್ನದು. ಅಲ್ಲಿ ಜೇಡ್ ಮತ್ತು ಅಡೀನಿಯಂ ಗಿಡಗಳನ್ನು ಬೋನ್ಸಾಯ್ ಮರಗಳಾಗಿ ತಿದ್ದುತ್ತಿದ್ದೆವು.

ಬೋನ್ಸಾಯ್ ಎಂದರೆ ಜನರ ಕಣ್ಣಿಗೆ ಬರುವುದು ತಟ್ಟೆಯಲ್ಲಿ ನಿಂತ ಆಲ, ಗೋಣಿ, ಅರಳಿ. ಅವು ಹುಟ್ಟಾ ಮರಗಳು. ಅವುಗಳನ್ನು ಚಿಕ್ಕದಾಗಿ ಇಟ್ಟರೆ ಸಾಕು. ಜೇಡ್ ಹಾಗಲ್ಲ. ಅದರ ಎಲೆ ದಪ್ಪ, ಕಾಂಡದ ತುಂಬ ನೀರು, ಉಗುರು ಒತ್ತಿದರೆ ಮೂಲಂಗಿಯಂತೆ ಇಳಿಯುತ್ತದೆ. ಇಂಥ ಮೆತ್ತನೆಯ ಗಿಡಕ್ಕೆ ಕೆರೆ ಏರಿಯ ಮೇಲಿನ ಹಳೇ ಮರದ ಗತ್ತು ತರುವುದು ನಮ್ಮ ಕೆಲಸ. ನಾನು ಸೇರಿದ ಹೊಸದರಲ್ಲಿ ಕಲಿಸಲು ಬರುತ್ತಿದ್ದ ಹಿರಿಯರೊಬ್ಬರು ಆಲಕ್ಕೆ ಸುತ್ತಿದ ಹಾಗೆಯೇ ಜೇಡಿಗೂ ತಂತಿ ಸುತ್ತಿ ಬಗ್ಗಿಸುತ್ತಿದ್ದರು. ಬಿಗಿ ಹೆಚ್ಚಾದರೆ ತಂತಿ ಕಾಂಡದೊಳಗೆ ಕಚ್ಚಿಕೊಳ್ಳುತ್ತಿತ್ತು, ಬಾಗು ಹೆಚ್ಚಾದರೆ ಕೊಂಬೆ ಟಪ್ಪೆಂದು ಮುರಿದು ಅವರ ಕೈಗೇ ಬರುತ್ತಿತ್ತು. ಅವರು ಮುರಿದ ಕೊಂಬೆಯನ್ನು ಜೇಬಿಗೆ ಹಾಕಿಕೊಂಡು, ‘ಇದನ್ನೂ ನೆಡಬಹುದು’ ಎನ್ನುತ್ತಿದ್ದರು. ಅದು ನಿಜವೇ. ಆದರೆ ಮರ ಬೋಳಾಗುತ್ತಿತ್ತು. ಅವರು ಬರುವುದು ನಿಂತ ಮೇಲೆ ನಾನು ತಂತಿಯನ್ನು ಕಪಾಟಿಗೆ ಸೇರಿಸಿ ಕತ್ತರಿಯೊಂದನ್ನೇ ಹೊರಗಿಟ್ಟೆ. ಬೇಕಾದ ದಿಕ್ಕಿಗೆ ಮುಖ ಮಾಡಿದ ಎಲೆಜೋಡಿಯ ಸ್ವಲ್ಪ ಮೇಲೆ ಕತ್ತರಿಸಬೇಕು, ಉಳಿದ ಮೊಂಡು ತಾನಾಗಿ ಒಣಗಿ ಬೀಳಲು ಬಿಡಬೇಕು, ಎರಡು ಚಿಗುರು ಬಂದರೆ ಒಂದನ್ನು ಮಾತ್ರ ಉಳಿಸಬೇಕು, ಮತ್ತೆ ಕಾಯಬೇಕು. ಕತ್ತರಿ ಇವತ್ತು ಹೇಳಿದ ಮಾತನ್ನು ಗಿಡ ಮುಂದಿನ ಮಳೆಗಾಲಕ್ಕೆ ಕೇಳಿಸಿಕೊಳ್ಳುತ್ತದೆ. ಅವಸರದವರಿಗೆ ಇಲ್ಲಿ ಜಾಗವಿಲ್ಲ.

ನಾನು ಓದಿದ್ದು ದೊಡ್ಡಬಳ್ಳಾಪುರದಲ್ಲಿ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇದ್ದುಕೊಂಡು. ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ಗಂಟೆಗೆ ದೀಪ ಆರಿಸುವುದು. ಆ ಶಿಸ್ತನ್ನೇ ಶೆಡ್ಡಿಗೂ ತಂದೆ. ಬಾಗಿಲ ಬಳಿ ಒಂದು ಗಂಟೆ ತೂಗುಹಾಕಿಸಿದೆ. ಗಂಟೆ ಹೊಡೆದ ಮೇಲೆ ಕೈ ತೊಳೆಯುವುದು, ಕತ್ತರಿಗಳನ್ನು ಸ್ಪಿರಿಟ್ಟಿನಿಂದ ಒರೆಸುವುದು, ಆಮೇಲೆ ಮೊದಲ ಸುತ್ತು. ಆ ಮೊದಲ ಸುತ್ತು ಬರಿಗೈಯಲ್ಲಿ. ಯಾರ ಕೈಯಲ್ಲೂ ನೀರಿನ ಕ್ಯಾನು ಇರಕೂಡದು. ಕ್ಯಾನು ಹಿಡಿದು ನಡೆಯುವ ಕೈಗೆ ಸುರಿಯುವ ಆಸೆ ಬಂದೇ ಬರುತ್ತದೆ. ಬರಿಗೈಯಲ್ಲಿ ಹೋಗಿ ಎಲೆ ಮುಟ್ಟಬೇಕು. ಗಟ್ಟಿಯಾಗಿದ್ದರೆ ಮುಂದಿನ ಗಿಡ. ಬೆರಳಿಗೆ ಮೆತ್ತಗಾಗಿ ಸುಕ್ಕು ಸಿಕ್ಕರೆ ಆ ಕುಂಡದ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಎರಡನೇ ಸುತ್ತಿನಲ್ಲಿ ಗುರುತಿದ್ದ ಕುಂಡಕ್ಕೆ ಮಾತ್ರ ನೀರು.

ಈ ನಿಯಮ ತಂದ ಮೊದಲ ದಿನವೇ ನನ್ನ ಕೆಲಸದವರಲ್ಲಿ ಹಿರಿಯಳಾದ ಮುನಿರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ಇದೇನಕ್ಕಾ, ಗಿಡಕ್ಕೆ ನೀರ್ ಹಾಕಕ್ಕೆ ಬಂದಿದೀವೋ, ಹೆಣ್ಣು ನೋಡಕ್ಕೆ ಬಂದಿದೀವೋ?’

‘ಹೆಣ್ಣು ನೋಡಕ್ಕೇ ಅಂದ್ಕೋ. ಚೆನ್ನಾಗಿ ನೋಡು.’

‘ಹಂಗಾದ್ರೆ ಉಪ್ಪಿಟ್ಟು, ಕೇಸರಿಬಾತು ಎಲ್ಲಿ? ಬರೀ ನೋಡ್ಕೊಂಡ್ ಹೋಗಕ್ಕೆ ನಮ್ದೇನ್ ಬಿಟ್ಟಿ ಸಂಬಂಧನಾ?’

ಎಲ್ಲರೂ ನಕ್ಕರು. ಆದರೆ ಒಂದು ಮಳೆಗಾಲ ಕಳೆಯುವುದರೊಳಗೆ ಕೊಳೆತ ಗಿಡಗಳ ಬುಟ್ಟಿ ಖಾಲಿಯಾಗಿಯೇ ಇರತೊಡಗಿತು. ಆಮೇಲೆ ಹೊಸಬರು ಯಾರಾದರೂ ಮೊದಲ ಸುತ್ತಿಗೆ ಕ್ಯಾನು ಎತ್ತಿಕೊಂಡರೆ ಅದನ್ನು ಕಿತ್ತುಕೊಳ್ಳುತ್ತಿದ್ದವಳು ಮುನಿರತ್ನಮ್ಮನೇ.

ನಮ್ಮಲ್ಲಿ ಗಿಡ ಕೊಂಡವರು ಮಾತ್ರ ಈ ಪಾಠ ಕಲಿಯುತ್ತಿರಲಿಲ್ಲ. ಸೋಂಪುರದ ಕಾರ್ಖಾನೆಯೊಂದರ ಮ್ಯಾನೇಜರು ಬುಡ ದಪ್ಪಗಿದ್ದ ಒಳ್ಳೆಯ ಅಡೀನಿಯಂ ಕೊಂಡುಹೋಗಿದ್ದರು. ತಿರುಗಿ ತಂದಾಗ ಆ ಬುಡ ಕೊಳೆತ ಪಪ್ಪಾಯಿಯಂತಾಗಿತ್ತು. ‘ದಿನಾ ಆರ್‌ಓ ನೀರೇ ಹಾಕಿದೀನಿ ಮೇಡಂ, ಒಂದಿನಾನೂ ಬೋರ್ ನೀರು ಹಾಕಿಲ್ಲ’ ಎಂದರು, ನನ್ನ ಮೇಲೇ ಸಿಟ್ಟಾಗಿ. ದೇವನಹಳ್ಳಿಯ ಒಬ್ಬ ಗೃಹಿಣಿ ಜೇಡನ್ನು ತುಳಸಿಯ ಪಕ್ಕದಲ್ಲಿಟ್ಟು ಎರಡಕ್ಕೂ ಒಂದೇ ತಂಬಿಗೆಯಲ್ಲಿ ನೀರೆರೆಯುತ್ತಿದ್ದರು. ‘ಒಬ್ರಿಗೆ ಕೊಟ್ಟು ಒಬ್ರಿಗೆ ಕೊಡ್ದೇ ಇರಕ್ಕಾಗ್ತದಾ?’ ಎಂದು ನನ್ನನ್ನೇ ಕೇಳಿದರು. ಅವರ ನ್ಯಾಯ ನನಗೆ ಅರ್ಥವಾಯಿತು, ಜೇಡಿಗೆ ಆಗಲಿಲ್ಲ. ನಮ್ಮ ಕಡೆಯ ಜನಕ್ಕೆ ಗಿಡದ ಮೇಲಿನ ಪ್ರೀತಿ ತೋರಿಸಲು ಗೊತ್ತಿರುವ ದಾರಿ ಒಂದೇ, ನೀರು. ಆ ಕೈಯನ್ನು ತಡೆಯುವುದೇ ನನ್ನ ವೃತ್ತಿಯಾಯಿತು.

ಈಗ ನಮ್ಮ ದೊಡ್ಡ ಮರದ ಮಾತಿಗೆ ಬರುತ್ತೇನೆ. ನಂದಗುಡಿಯ ಒಂದು ಮನೆಯವರು ಹಿತ್ತಿಲು ಒಡೆದು ಕೋಣೆ ಕಟ್ಟಿಸುವಾಗ, ಬೇಲಿಯಲ್ಲಿದ್ದ ಹಳೇ ಜೇಡ್ ಗಿಡವನ್ನು ಕಿತ್ತೆಸೆಯುವವರಿದ್ದರು. ಸುದ್ದಿ ಸಿಕ್ಕಿ ಗೂಡ್ಸ್ ಆಟೋದಲ್ಲಿ ತಂದೆವು. ಬುಡ ತೊಡೆಯಷ್ಟು ದಪ್ಪ, ಮೇಲೆ ಪೊದೆ. ವರ್ಷಗಟ್ಟಲೆ ಅದನ್ನು ತಿದ್ದಿದೆ. ಪೊದೆ ಹೋಗಿ ಮೂರು ಹಂತದ ಕೊಂಬೆಗಳಾದವು. ಗಾಳಿಗೆ ಎದುರು ನಿಂತ ಮರದ ಹಾಗೆ ಕಾಂಡ ಒಂದು ಕಡೆಗೆ ವಾಲಿತು. ಬುಡ ಹರಡಿ ನೆಲವನ್ನು ಹಿಡಿದುಕೊಂಡಂತೆ ಕಾಣತೊಡಗಿತು. ಅಂಥ ಜೇಡ್ ಮರವನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಮುನಿರತ್ನಮ್ಮ ಅದಕ್ಕೆ ‘ಗೌಡ್ತಿ’ ಎಂದು ಹೆಸರಿಟ್ಟಿದ್ದಳು.

‘ಮೆಲ್ಲಗೆ ಹೇಳೇ, ಗೌಡ್ರ ಮನೆಯವ್ರಿಗೆ ಕೇಳಿಸೀತು’ ಎಂದೆ.

‘ಕೇಳಿಸ್ಲಿ ಬುಡಕ್ಕಾ. ಸೊಂಟ ನೋಡಿದ್ರೆ ಅವ್ರೇ ಒಪ್ಕೋತಾರೆ.’

ಎಲ್ಲವೂ ಕ್ರಮದಲ್ಲಿ ನಡೆಯುತ್ತಿರುವಾಗ ಒಂದು ದಿನ ಗೌಡರು ತಮ್ಮ ಬಾಮೈದ ಗೋಪಾಲನನ್ನು ಕರೆದುಕೊಂಡು ನಾಲ್ಕನೇ ಶೆಡ್ಡಿಗೆ ಬಂದರು. ಗೋಪಾಲ ಗಿಡಗಳ ಕಡೆ ನೋಡಲಿಲ್ಲ, ಚಾವಣಿಯ ಎತ್ತರ ನೋಡಿದ. ದಪ್ಪ ಮೆಣಸಿನಕಾಯಿ ಬೆಳೆಯಲು ಈ ಜಾಗ ಹೇಳಿ ಮಾಡಿಸಿದಂತಿದೆ ಎಂದ. ಅವನು ಹೋದ ಮೇಲೆ ಗೌಡರು ನನ್ನ ಮುಖ ನೋಡದೆ, ಒಂದು ಕುಂಡದ ಅಂಚು ಒರೆಸುತ್ತಾ ಮಾತು ತೆಗೆದರು.

‘ಸರೋಜಮ್ಮೋರೇ, ಅವ್ನು ಹೇಳೋದ್ರಲ್ಲೂ ಸತ್ಯ ಐತೆ. ನರ್ಸರಿಗೆ ಬಂದೋರು ಗುಲಾಬಿ ತಾವ ನಿಲ್ತಾರೆ, ಸಸಿ ತಾವ ನಿಲ್ತಾರೆ. ಇಲ್ಲಿಗ್ ಬಂದ್ರೆ ಒಂದ್ ರೌಂಡ್ ಹೊಡ್ದು ಹೊಂಟೋಯ್ತಾರೆ.’

‘ನಿಂತು ನೋಡೋಕೆ ಒಳ್ಳೇ ಜಾಗದಲ್ಲಿ ಇಡ್ಬೇಕು ಗೌಡ್ರೇ. ಕಾರ್ತೀಕದಲ್ಲಿ ಬೆಂಗಳೂರಲ್ಲಿ ಬೋನ್ಸಾಯ್ ಪ್ರದರ್ಶನ ಐತೆ. ಗೌಡ್ತೀನ... ದೊಡ್ಡ ಜೇಡನ್ನ ಅಲ್ಲಿಗೆ ಕಳಿಸೋಣ.’

ಅವರು ಕುಂಡ ಒರೆಸುವುದನ್ನು ನಿಲ್ಲಿಸಿದರು. ‘ಆಗ್ಲಿ. ನಾನೂ ಬರ್ತೀನಿ. ಜನ ನಿಂತ್ಕೊಂಡು ನೋಡ್ಬೇಕು. ನಿಂತ್ರೆ ಶೆಡ್ಡು ನಿಮ್ದು. ನಿಲ್ದಿದ್ರೆ ಗೋಪಾಲಂಗೆ ಖಾಲಿ ಮಾಡ್ಕೊಡೋದು. ನೀವು ಬೇಜಾರ್ ಮಾಡ್ಕೋಬಾರ್ದು.’

ಬೇಜಾರಿನ ಮಾತಲ್ಲ ಅದು. ಶೆಡ್ಡು ಹೋದರೆ ವರ್ಷಗಟ್ಟಲೆ ತಿದ್ದಿದ ಮರಗಳು ಸಿಕ್ಕ ಸಿಕ್ಕವರ ಪಾಲಾಗುತ್ತಿದ್ದವು. ಅದಕ್ಕಿಂತ ದೊಡ್ಡ ಚಿಂತೆ ಮುನಿರತ್ನಮ್ಮನದು. ಅವಳ ಮಂಡಿ ಸವೆದುಹೋಗಿತ್ತು. ಬಗ್ಗಿ ಸಸಿಮಡಿ ಮಾಡುವ ಕೆಲಸ ಅವಳಿಂದ ಆಗುವಂತಿರಲಿಲ್ಲ. ಮೇಜಿನ ಎತ್ತರದಲ್ಲಿ ಸ್ಟೂಲಿನ ಮೇಲೆ ಕುಳಿತು ಮಾಡುವ ಕೆಲಸ ಇಡೀ ನರ್ಸರಿಯಲ್ಲಿ ನಮ್ಮ ಶೆಡ್ಡಿನಲ್ಲಿ ಮಾತ್ರ ಇತ್ತು. ಉಳಿದ ಹೆಂಗಸರನ್ನು ಮೆಣಸಿನಕಾಯಿ ಸಾಲಿಗೆ ಹಾಕಿಕೊಳ್ಳುತ್ತಿದ್ದರು, ಅವಳನ್ನು ಮನೆಗೆ ಕಳಿಸುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಅಂದು ಅವಳು ಯಾರನ್ನೂ ನಗಿಸಲಿಲ್ಲ.

ಪ್ರದರ್ಶನಕ್ಕೆ ಒಯ್ಯಬೇಕಾದರೆ ಮರ ತೆಳ್ಳನೆಯ ತಟ್ಟೆ ಕುಂಡದಲ್ಲಿ ನಿಲ್ಲಬೇಕು. ದಸರೆಗೆ ಸ್ವಲ್ಪ ಮೊದಲು ಅದನ್ನು ಹಳೇ ಕುಂಡದಿಂದ ಎತ್ತಿ, ಬೇರು ಕತ್ತರಿಸಿ, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ತುಂಬಿದ ತಟ್ಟೆಗೆ ಕೂರಿಸಿದೆವು. ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಬೇರೆ ಗಿಡಕ್ಕೆ ಕುಂಡ ಬದಲಿಸಿದ ಕೂಡಲೇ ನೀರು ಕೊಡುತ್ತೇವೆ. ಜೇಡಿಗೆ ಕೊಡಕೂಡದು. ಕತ್ತರಿಸಿದ ಬೇರಿನ ಬಾಯಿ ಒಣಗಿ ಮುಚ್ಚಿಕೊಳ್ಳುವ ತನಕ ಒಂದು ತೊಟ್ಟೂ ಬೀಳಬಾರದು. ತೆರೆದ ಗಾಯದೊಳಗೆ ನೀರು ನಿಂತರೆ ಕೊಳೆ ಒಳಗಿನಿಂದ ಮೇಲಕ್ಕೆ ಏರುತ್ತದೆ. ನಾನು ಎಲ್ಲರಿಗೂ ಹೇಳಿದೆ, ಗೌಡರಿಗೂ ಹೇಳಿದೆ. ‘ಗೊತ್ತು ಬಿಡಿ ಮೇಡಂ, ಇಷ್ಟ್ ವರ್ಷದಿಂದ ಕೇಳ್ತಾನೇ ಇದೀನಿ’ ಎಂದರು. ಹಬ್ಬಕ್ಕೆ ರಜೆ ಕೊಟ್ಟು ನಾನು ದೊಡ್ಡಬಳ್ಳಾಪುರದ ಮಗಳ ಮನೆಗೆ ಹೋದೆ.

ಹಬ್ಬ ಮುಗಿಸಿ ಬಂದ ಬೆಳಿಗ್ಗೆ ಗಂಟೆ ಹೊಡೆಸಿ ಮೊದಲ ಸುತ್ತಿಗೆ ಹೊರಟರೆ, ಮರದ ಜಾಗ ಖಾಲಿ. ಮುನಿರತ್ನಮ್ಮ ಓಡಲಾಗದ ಕಾಲಲ್ಲಿ ಓಡಿಬಂದು, ‘ಅಕ್ಕಾ, ಟ್ರ್ಯಾಕ್ಟರ್ ಶೆಡ್ಡಿಗೆ ಬನ್ನಿ’ ಎಂದಳು. ಅಲ್ಲಿ ಬಾಳೆಕಂದು ಕಟ್ಟಿದ ಟ್ರ್ಯಾಕ್ಟರು, ಔಷಧಿ ಹೊಡೆಯುವ ಯಂತ್ರ, ಸಾಲಾಗಿ ಜೋಡಿಸಿದ ಸನಿಕೆ ಗುದ್ದಲಿಗಳು. ಎಲ್ಲದರ ನಡುವೆ ನಮ್ಮ ಗೌಡ್ತಿ. ಕಾಂಡಕ್ಕೆ ಅರಿಶಿನ ಕುಂಕುಮ, ಕೊಂಬೆಗೆ ಸೇವಂತಿಗೆ ಹಾರ. ತಟ್ಟೆ ಕುಂಡವನ್ನು ಒಂದು ಹಿತ್ತಾಳೆ ಪರಾತದಲ್ಲಿ ಇಟ್ಟಿದ್ದರು. ಪರಾತದ ತುಂಬ ನೀರು, ನೀರಿನ ಮೇಲೆ ಹೂವಿನ ಎಸಳು. ಹಬ್ಬದ ರಜೆಯಷ್ಟೂ ಅದು ಆ ನೀರಿನಲ್ಲೇ ನಿಂತಿತ್ತು.

ಗೌಡರು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದರು. ಮುಖದಲ್ಲಿ ಸಂತೋಷ.

‘ಹೆಂಗದೆ ಮೇಡಂ ಅಲಂಕಾರ? ನಿಮ್ ಶೆಡ್ಡಿಂದೂ ಒಂದು ಆಯುಧ ಇರ್ಲಿ ಅಂತ ನಾನೇ ಎತ್ಕೊಂಬಂದೆ.’

‘ನೀರು ಯಾರು ಹಾಕಿದ್ದು ಗೌಡ್ರೇ?’

‘ನೀರಾ? ನೀರ್ ಹಾಕಿಲ್ವಲ್ಲ.’ ಅವರಿಗೆ ನಿಜಕ್ಕೂ ಆಶ್ಚರ್ಯ. ‘ತೊಳ್ದೆ ಅಷ್ಟೇ. ಆಯುಧಪೂಜೆಗೆ ತೊಳೀದೆ ಕುಂಕುಮ ಇಡಕ್ಕಾಗ್ತದಾ? ಟ್ರ್ಯಾಕ್ಟರ್ ತೊಳ್ದೆ, ಸ್ಪ್ರೇಯರ್ ತೊಳ್ದೆ, ಇದ್ನೂ ಪೈಪಲ್ಲಿ ಚೆನ್ನಾಗಿ ತೊಳ್ದೆ. ಚಾಪೆ ಮೇಲೆ ನೀರ್ ಸೋರ್ಬಾರ್ದು ಅಂತ ಪರಾತ ಇಟ್ಟೆ.’

ಅವರಲ್ಲಿ ಕಪಟವಿರಲಿಲ್ಲ. ಶೆಡ್ಡು ಕಿತ್ತುಕೊಳ್ಳುವ ಮಾತಾಡಿ ನೊಂದುಕೊಂಡಿದ್ದ ಮನುಷ್ಯ ಅದಕ್ಕೆ ಪ್ರತಿಯಾಗಿ ಮರಕ್ಕೆ ಮರ್ಯಾದೆ ಮಾಡಿದ್ದರು. ನೀರು ಹಾಕುವುದು ಬೇರೆ, ಹಬ್ಬಕ್ಕೆ ತೊಳೆಯುವುದು ಬೇರೆ ಎಂಬುದು ಅವರ ಪ್ರಾಮಾಣಿಕ ನಂಬಿಕೆ. ನಾನು ಎಲ್ಲ ಬಗೆಯ ನೀರನ್ನೂ ಬೇಡವೆಂದು ಹೇಳಿದ್ದೆ, ಪೂಜೆಯ ನೀರನ್ನು ಯಾರು ನೆನೆಸಿಕೊಳ್ಳುತ್ತಾರೆ!

ಪರಾತದಿಂದ ಎತ್ತಿ, ಹಾರ ತೆಗೆದು, ಗಾಳಿಗೆ ಇಟ್ಟೆವು. ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿತ್ತು. ಮುಂದಿನ ದಿನಗಳಲ್ಲಿ ಎಲೆ ಉದುರತೊಡಗಿತು, ಹಳದಿಯಾಗಿ ಅಲ್ಲ, ಹಸಿರಾಗಿಯೇ. ಬುಡ ಒತ್ತಿದರೆ ಹೆಬ್ಬೆರಳು ಒಳಗೆ ಹೋಯಿತು. ಸ್ವಲ್ಪ ವಾಸನೆಯೂ ಇತ್ತು.

ಇಂಥ ಹೊತ್ತಿನಲ್ಲಿ ಹಲವರು ಔಷಧಿ ಹುಡುಕುತ್ತಾರೆ. ನಾನು ಗರಗಸ ಹುಡುಕಿದೆ. ಕೊಳೆ ಏರುವ ದಾರಿಯಲ್ಲಿ ನಾವು ಮುಂದೆ ಹೋಗಿ ಕಾಯಬೇಕು. ಮರವನ್ನು ತಟ್ಟೆಯಿಂದ ಎತ್ತಿ ಮೇಜಿನ ಮೇಲೆ ಮಲಗಿಸಿ, ಗರಗಸ ಒರೆಸಿ, ಬುಡದಿಂದ ಒಂದು ಬಿಲ್ಲೆ ಕೊಯ್ದೆ. ಒಳಗೆ ಕಂದು ಬಣ್ಣ. ಗರಗಸ ಮತ್ತೆ ಒರೆಸಿ ಇನ್ನೊಂದು ಬಿಲ್ಲೆ. ಕಂದು ಉಂಗುರ ಚಿಕ್ಕದಾಯಿತು, ಹೋಗಲಿಲ್ಲ. ಪ್ರತಿ ಸಲ ಒರೆಸುವುದನ್ನು ಮರೆಯಬೇಡಿ. ಕೊಳೆ ಗರಗಸದ ಹಲ್ಲಿನಲ್ಲೇ ಮೇಲಕ್ಕೆ ಪ್ರಯಾಣ ಮಾಡುತ್ತದೆ. ಹರಡಿಕೊಂಡಿದ್ದ ಆ ಬುಡವೆಲ್ಲ, ನನ್ನ ಅಷ್ಟು ವರ್ಷದ ಕೆಲಸದ ಮುಖ್ಯ ಭಾಗ, ಬಿಲ್ಲೆ ಬಿಲ್ಲೆಯಾಗಿ ಕೆಳಗೆ ಬಿತ್ತು. ಗೌಡರು ಎದುರಿಗೆ ನಿಂತಿದ್ದರು.

‘ಸಾಕಲ್ವಾ ಮೇಡಂ?’

‘ಇಲ್ಲ.’

‘ಇನ್ನೇನ್ ಉಳೀತು?’

‘ಕಂದು ಚುಕ್ಕೆ ಇರೋವರ್ಗೂ ಏನೂ ಉಳಿದಿಲ್ಲ ಗೌಡ್ರೇ.’

ಕೊನೆಗೆ ಒಂದು ಬಿಲ್ಲೆ ತೆಗೆದಾಗ ಒಳಗೆ ತಿಳಿ ಹಸಿರು ಬಿಳುಪು, ಎಲ್ಲೂ ಕಲೆಯಿಲ್ಲ. ಕೊಯ್ದ ಮೈಯಿಂದ ನೀರು ಜಿನುಗಿತು. ಗಾಯಕ್ಕೆ ಇದ್ದಿಲ ಪುಡಿ ಒತ್ತಿ, ಮರವನ್ನು ಗೋಣಿಪಟ್ಟಿಯಲ್ಲಿ ಕಟ್ಟಿ, ಶೆಡ್ಡಿನ ಅಡ್ಡ ಕೊಳವೆಗೆ ನೆರಳಲ್ಲಿ ತೂಗುಹಾಕಿದೆ. ಬೇರಿಲ್ಲ, ಮಣ್ಣಿಲ್ಲ, ನೀರಿಲ್ಲ. ಆಲದ ಮರಕ್ಕೆ ಹೀಗೆ ಮಾಡಿದರೆ ವಾರದಲ್ಲಿ ಸೌದೆ. ಜೇಡ್ ತನ್ನ ಮೈಯೊಳಗಿನ ನೀರನ್ನೇ ಸ್ವಲ್ಪ ಸ್ವಲ್ಪ ಕುಡಿದುಕೊಂಡು ಬದುಕಬಲ್ಲದು. ಈ ಕೆಲಸದಲ್ಲಿ ನನಗೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಬೆರಗು ಹುಟ್ಟಿಸಿದ್ದು ಇದೊಂದೇ.

‘ತೊಟ್ಟಿಲಿಗೆ ಹಾಕ್ದಂಗಾಯ್ತು ಗೌಡ್ತೀನ’ ಎಂದಳು ಮುನಿರತ್ನಮ್ಮ. ನಗಲು ನೋಡಿದಳು, ಆಗಲಿಲ್ಲ.

ಅದೇ ವಾರ ಗೋಪಾಲ ಅಳತೆ ಟೇಪು ಹಿಡಿದು ಬಂದ. ತೂಗುತ್ತಿದ್ದ ಮರವನ್ನು ಸುತ್ತಿ ಬಂದು ನೋಡಿದ.

‘ಏನ್ ಮೇಡಂ, ಮಟನ್ ಅಂಗ್ಡಿ ಇಟ್ಬುಟ್ರಾ? ಹೊಸ್ಕೋಟೆ ಬಿರಿಯಾನಿಗೆ ಕೊಡೋದಾ ಇದ್ನ?’

ಮುನಿರತ್ನಮ್ಮ ಸ್ಟೂಲಿನಿಂದ ಏಳದೆ ಉತ್ತರ ಕೊಟ್ಟಳು. ‘ಬಿರಿಯಾನಿಗಾದ್ರೂ ಆಗ್ತದೆ ಕಣಪ್ಪಾ. ನಿನ್ ದಪ್ಪ ಮೆಣಸಿನ್ಕಾಯಿ ಅತ್ಲಾಗೆ ಖಾರಕ್ಕೂ ಇಲ್ಲ, ಇತ್ಲಾಗೆ ಸಾರಿಗೂ ಇಲ್ಲ.’

ಅವನು ನಗುತ್ತಲೇ ಉದ್ದ ಅಗಲ ಅಳೆದು ಹೋದ.

ಪ್ರದರ್ಶನ ಹತ್ತಿರ ಬಂತು. ಮರದ ಗಾಯ ಒಣಗಿ ಗಟ್ಟಿ ಸಿಪ್ಪೆ ಕಟ್ಟಿತ್ತು. ಎಲೆಗಳಲ್ಲಿ ಸ್ವಲ್ಪ ಸುಕ್ಕು ಇತ್ತೇ ಹೊರತು ಉದುರುವುದು ನಿಂತಿತ್ತು. ಬೇರು ಮಾತ್ರ ಇನ್ನೂ ಬಂದಿರಲಿಲ್ಲ. ಗೌಡರು ಒಂದು ಸಂಜೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

‘ಮೇಡಂ, ಒಂದ್ ಮಾತು. ತಟ್ಟೇಲಿ ನಿಲ್ಸಿ ಒಳಗಿಂದ ತಂತಿ ಬಿಗ್ದುಬುಡಿ. ಮೇಲೆ ಪಾಚಿ ಹೊದಿಸ್ದ್ರೆ ಯಾರಿಗ್ ಕಾಣ್ತದೆ? ಒಂದ್ ದಿನದ ಆಟ. ನಾನೇ ತಪ್ಪು ಮಾಡಿರೋದು, ನಾನೇ ಕೇಳ್ಕೋತೀನಿ.’

‘ಆಗಲ್ಲ ಗೌಡ್ರೇ.’

‘ಯಾಕ್ ಆಗಲ್ಲ?’

‘ತಟ್ಟೇಲಿ ನಿಂತಿರೋ ಮರ ಅಂದ್ರೆ ಬೇರು ಬಿಟ್ಟಿರೋ ಮರ ಅಂತ ಅರ್ಥ. ಜನ ಅದನ್ನ ನಂಬ್ಕೊಂಡೇ ನೋಡ್ತಾರೆ.’

ಅವರು ಹೋದ ಮೇಲೆ ಮುನಿರತ್ನಮ್ಮ ಬಂದಳು. ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಏನನ್ನೂ ಬೇಡಿರಲಿಲ್ಲ. ‘ಅಕ್ಕಾ, ಅವ್ರು ಹೇಳ್ದಂಗೆ ನಿಲ್ಲಿಸ್ಬುಡಿ. ನನ್ ಮಂಡಿ ನೋಡಿ ಆದ್ರೂ ನಿಲ್ಲಿಸ್ಬುಡಿ’ ಎಂದಳು. ಅವಳ ಮಾತಿಗೆ ಉತ್ತರ ಕೊಡುವುದು ಗೌಡರಿಗೆ ಕೊಟ್ಟಷ್ಟು ಸುಲಭವಾಗಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡೆ.

‘ಅಲ್ಲಿ ಬರೋರೆಲ್ಲ ಇದೇ ಕೆಲ್ಸ ಮಾಡೋರು ಕಣೇ. ಒಬ್ರು ತಟ್ಟೆ ಅಲುಗಾಡಿಸಿದ್ರೆ ಸಾಕು. ಆಮೇಲೆ ನಮ್ ಶೆಡ್ಡಿನ ಯಾವ ಮರಾನೂ ಯಾರೂ ನಂಬಲ್ಲ. ನೀನ್ ಮಾಡಿರೋದನ್ನೂ ನಂಬಲ್ಲ.’

‘ಮತ್ತೆ ಏನ್ ತಗಂಡೋಗದು? ಬರಿಗೈಲಿ ಹೋಗದಾ?’

‘ಹೆಂಗದೆಯೋ ಹಂಗೇ ತಗಂಡೋಗದು.’

ಆಗ ಹೊಳೆದದ್ದು ಅದು. ಪ್ರದರ್ಶನ ನಡೆಸುವವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ಪರ್ಧೆಗೆ ಸೇರಿಸಲಾಗುವುದಿಲ್ಲ, ಬೇಕಾದರೆ ಬಾಗಿಲ ಪಕ್ಕದಲ್ಲಿ ಒಂದು ಮೇಜು ಕೊಡುತ್ತೇವೆ ಎಂದರು. ಪ್ರದರ್ಶನದ ದಿನ ಆ ಮೇಜಿನ ಮೇಲೆ ಮೂರು ಬಿದಿರು ಗಳ ಕಟ್ಟಿ ಅದರ ನಡುವೆ ಮರವನ್ನು ಗೋಣಿಪಟ್ಟಿ ಸಮೇತ ತೂಗುಬಿಟ್ಟೆವು. ಕೊಯ್ದ ಬುಡ ನೋಡುವವರ ಕಡೆಗೇ ಇರುವಂತೆ ತಿರುಗಿಸಿದೆ. ಕೆಳಗೆ ಒಂದು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಬರೆದೆ: ‘ಈ ಮರಕ್ಕೆ ಬೇರಿಲ್ಲ, ಮಣ್ಣಿಲ್ಲ, ಆಯುಧಪೂಜೆಯಿಂದ ಈಚೆಗೆ ನೀರಿಲ್ಲ. ಬದುಕಿದೆ.’

ಮೊದಲು ನಿಂತವರು ಒಬ್ಬ ಹೆಂಗಸು, ಅವರ ಗಂಡ. ‘ಪ್ಲಾಸ್ಟಿಕ್ ಇರ್ಬೇಕು ಕಣ್ರೀ’ ಎಂದರು ಆಕೆ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಗೌಡರು ಮುಂದೆ ಬಂದರು.

‘ಪ್ಲಾಸ್ಟಿಕ್ಕಾ? ಎಲೆ ಮುಟ್ಟಿ ನೋಡಿ ತಾಯಿ. ಮುಟ್ಟಿ, ಪರ್ವಾಗಿಲ್ಲ. ಸುಕ್ಕು ಸಿಗ್ತದಾ? ಅದು ಬಾಯಾರ್ಕೆ. ಆದ್ರೂ ನೀರ್ ಹಾಕಂಗಿಲ್ಲ.’

‘ಅಯ್ಯೋ, ಯಾಕ್ರೀ? ಪಾಪ!’

‘ಪಾಪ ಅಂತ್ಲೇ ತಾಯಿ ನಾನು ಕೊಳೆಸಿದ್ದು. ಇದ್ರ ಬುಡ ಹಿಂಗಿತ್ತು’ ಎಂದು ಎರಡೂ ಕೈ ಅಗಲಿಸಿ ತೋರಿಸಿದರು. ‘ನಾನೇ ಪೈಪ್ ಹಿಡ್ದು ತೊಳ್ದೆ. ಈ ಯಮ್ಮ ಗರಗಸ ತಗಂಡು ಕುಯ್ದು ಉಳ್ಸಿದ್ರು. ಬೇರ್ ಬರೋಗಂಟ ಒಂದ್ ತೊಟ್ಟು ಕೊಡಂಗಿಲ್ಲ.’

ಹಿಂದೆ ನಾಲ್ಕು ಜನ ಸೇರಿದರು. ಗೌಡರು ಕಥೆಯನ್ನು ಮತ್ತೆ ಮೊದಲಿಂದ ಹೇಳಿದರು. ಅವರು ಹೋದರೆ ಇನ್ನಷ್ಟು ಜನ. ಊಟದ ಹೊತ್ತಿಗೆ ಪೈಪಿನ ನೀರು ಕಥೆಯೊಳಗೆ ಟ್ಯಾಂಕರಿನ ನೀರಾಗಿತ್ತು. ಸಂಜೆಗೆ ಅವರ ಗಂಟಲು ಕಟ್ಟಿತು, ಆದರೂ ಸನ್ನೆ ಮಾಡಿ ಹೇಳುತ್ತಿದ್ದರು. ಒಳಗಿನ ಸಾಲುಗಳಲ್ಲಿ ನಿಜವಾಗಿಯೂ ಚೆಂದದ ಮರಗಳಿದ್ದವು. ಬಹುಮಾನ ಒಂದು ಗೋಣಿ ಮರಕ್ಕೆ ಬಂತು, ನ್ಯಾಯವಾಗಿಯೇ ಬಂತು. ಆದರೆ ಜನರ ಕಾಲು ನಿಂತದ್ದು ಬಾಗಿಲ ಪಕ್ಕದ ಬಿದಿರು ಗಳದ ಮುಂದೆ. ನನ್ನ ಶೆಡ್ಡಿನ ಹೆಂಗಸರ ಕೈಕೆಲಸವನ್ನು, ಎಲೆಜೋಡಿ ನೋಡಿ ಕತ್ತರಿಸಿದ ಒಂದೊಂದು ತಿರುವನ್ನೂ, ಕೆಲಸ ಬಲ್ಲವರು ಬಗ್ಗಿ ಬಗ್ಗಿ ನೋಡಿದರು. ‘ತಂತಿ ಇಲ್ದೇ ಮಾಡಿದ್ದಾ?’ ಎಂದು ಒಬ್ಬ ಹಿರಿಯರು ಕೇಳಿದಾಗ ನಾನು ಮುನಿರತ್ನಮ್ಮನನ್ನು ಮುಂದೆ ತಳ್ಳಿದೆ. ‘ಬರೀ ಕತ್ರಿ ಸಾಮಿ’ ಎಂದಳು, ಸೆರಗಿನ ತುದಿ ಹಿಡಿದುಕೊಂಡು.

ವ್ಯಾನಿನಲ್ಲಿ ವಾಪಸು ಬರುವಾಗ ಗೌಡರು ಶೆಡ್ಡಿನ ಸುದ್ದಿ ಎತ್ತಲಿಲ್ಲ. ಗಂಟಲು ಕಟ್ಟಿದ್ದರಿಂದಲೋ, ಯೋಚನೆಯಿಂದಲೋ ನಮಗೆ ತಿಳಿಯಲಿಲ್ಲ. ಮುನಿರತ್ನಮ್ಮ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ನಾಲ್ಕನೇ ಶೆಡ್ಡಿನ ಮುಂದೆ ಟೆಂಪೋ ನಿಂತಿತ್ತು. ಗೋಪಾಲನ ಆಳುಗಳು ಕಬ್ಬಿಣದ ಕೊಳವೆ ಇಳಿಸುತ್ತಿದ್ದರು. ನಮ್ಮ ಹೆಂಗಸರು ಬಾಗಿಲ ಬಳಿ ಗುಂಪಾಗಿ ನಿಂತಿದ್ದರು. ಗೌಡರು ಮನೆಯ ಕಡೆಯಿಂದ ಹೆಗಲ ಮೇಲಿನ ಟವೆಲು ಬೀಸುತ್ತಾ ಬಂದರು. ದನಿ ಇನ್ನೂ ಸರಿಯಾಗಿರಲಿಲ್ಲ, ಗಾಳಿ ಊದಿದಂತೆ ಬಂತು.

‘ಲೋ, ಇಲ್ಲಲ್ಲ ಕಣ್ರೋ. ಎತ್ರೋ ಮೇಲಕ್ಕೆ. ಕೆರೆ ಕಡೆ ಹೊಲಕ್ಕೆ ತಗಂಡೋಗಿ.’

‘ಭಾವ, ಇದೇ ಜಾಗ ಅಂತ ಮಾತಾಗಿತ್ತಲ್ಲ’ ಎಂದ ಗೋಪಾಲ.

‘ಮಾತಾಗಿತ್ತು. ನಿಂತ್ರೆ ಅವ್ರ್ದು, ನಿಲ್ದಿದ್ರೆ ನಿಂದು ಅಂತ. ನಿನ್ನೆ ನಾನೂ ಬೆಳಗಿಂದ ಸಂಜೆಗಂಟ ನಿಂತಿದೀನಪ್ಪಾ, ಇನ್ನೇನ್ ಬೇಕು? ಎತ್ತು, ಎತ್ತು.’

ಕೊಳವೆಗಳು ಮತ್ತೆ ಟೆಂಪೋ ಹತ್ತುವ ಸದ್ದು ಕೇಳುತ್ತಿರುವಾಗಲೇ ನಾನು ಗಂಟೆ ಹೊಡೆಸಿದೆ. ಹೊತ್ತಾಗಿತ್ತು. ಬಿದಿರಿನಿಂದ ಬಿಚ್ಚಿ ತಂದ ಮರವನ್ನು ಅಡ್ಡ ಕೊಳವೆಗೆ ಮತ್ತೆ ಕಟ್ಟಿದೆವು. ಬೇಸಿಗೆಯ ಹೊತ್ತಿಗೆ ಅದು ಬೇರು ಬಿಟ್ಟಿತು, ಈಗ ಗಿಡ್ಡ ಬುಡದ ಮೇಲೆ ಭದ್ರವಾಗಿ ನಿಂತಿದೆ. ಹೊಸ ಹುಡುಗಿಯರು ದಿನಾ ನೋಡುತ್ತಿರುವುದು ಅದನ್ನೇ. ಅಂದು ಮೊದಲ ಸುತ್ತು ಮುಗಿದ ಮೇಲೆ ಹೆಂಗಸರು ಇವತ್ತಿನ ಕೆಲಸವೇನು ಎಂಬಂತೆ ನನ್ನ ಮುಖ ನೋಡಿದರು.

‘ಚಿಕ್ಕ ಜೇಡುಗಳಿಂದ ಕಡ್ಡಿ ತೆಗೀರಿ. ನೆರಳಲ್ಲಿ ಒಣಗಕ್ಕೆ ಇಡಿ. ಉದ್ದ ಮೇಜು ತುಂಬ್ಬೇಕು’ ಎಂದೆ.

ಮುನಿರತ್ನಮ್ಮ ಬೆರಳುದ್ದದ ಕಡ್ಡಿಯೊಂದನ್ನು ಎತ್ತಿ ಹಿಡಿದಳು. ‘ಇದು ಮರ ಆಗೋಷ್ಟೊತ್ಗೆ ನನ್ ಮೊಮ್ಮಗಳಿಗೆ ಮದ್ವೆ ಆಗೋಗಿರ್ತದಲ್ಲಕ್ಕಾ!’

‘ಆಗ್ಲಿ. ಅಲ್ಲೀಗಂಟ ಇಲ್ಲೇ ಕೂತ್ಕೊಂಡು ತಿದ್ತಾ ಇರು.’

ಅವಳು ಸ್ಟೂಲು ಎಳೆದುಕೊಂಡು ಕುಳ್ಳಿರಿಸಿದ ದೇವರಂತೆ ನೆಟ್ಟಗೆ ಕೂತಳು. ಕತ್ತರಿ ಒರೆಸಿ ಕೆಲಸ ಶುರು ಮಾಡಿದಳು.